ಜುಹ್ರಿ ಕೆತ್ತಿದ ಸೌಟುಗಳು

ಕೊಸಿಮ್ ಗೋಣಿಚೀಲವನ್ನು ತಂದು ಜಗಲಿಯ ಮೇಲೆ ಕುಕ್ಕಿದ. ಒಳಗಿದ್ದ ಸೌಟುಗಳು ಲಟಲಟ ಎಂದವು. ಕಾರ್ಸಿ ಒಲೆ ಬಿಟ್ಟು ಹೊರಗೆ ಬಂದಳು. ಪೇಟೆಗೆ ಹೋದ ಮಾಲು ಮನೆಗೆ ಮರಳಿದ್ದನ್ನು ಅವಳು ಈ ಮನೆ ಸೇರಿದ ಮೇಲೆ ಒಮ್ಮೆಯೂ ಕಂಡಿರಲಿಲ್ಲ.

“ಏನೋ ಇದು?”

“ಸೋರುತ್ತೆ, ಬಿ ಕಾರ್ಸಿ.”

“ಸೋರೋಕೆ ಅದೇನು ಬಿದಿರಿನ ಜರಡಿನಾ?”

“ತೂತಿದೆ ಅಂದ್ನಾ ನಾನು? ನೋಡಿ ಇಲ್ಲಿ.” ಕೊಸಿಮ್ ಚೀಲದಿಂದ ಒಂದು ಸೌಟು ಎಳೆದು ಕಾಲು ತೊಳೆಯುವ ಗುಡಾಣದಲ್ಲಿ ಅದ್ದಿದ. ಎತ್ತಿ ಸುರಿದ. ಸುರಿದು ಮುಗಿಯುವಾಗ ಕೊನೆಯ ಗುಟುಕು ಅಂಚಿನ ತುಟಿ ಬಿಟ್ಟು ಬೀಳಲಿಲ್ಲ. ಸೌಟಿನ ಹೊಟ್ಟೆಗೆ ಅಂಟಿಕೊಂಡು ಹಿಂದಕ್ಕೆ ಹರಿದು ಅವನ ಪಾದದ ಮೇಲೆ ತೊಟ್ಟಿಕ್ಕಿತು. “ಕಂಡ್ರಾ? ತಾಸಿಕ್ ಪೇಟೇಲಿ ಹೆಂಗಸರು ನನ್ನ ಮುಖಕ್ಕೆ ಎಸೆಯೋದೊಂದು ಬಾಕಿ. ಕಾಯಿಹಾಲೆಲ್ಲ ಒಲೆ ಮೇಲಂತೆ. ಮಾಂಗ್ ಜುಹ್ರಿ ಇದ್ದಾಗ...”

“ಇದ್ದಾಗಿನ ಮಾತು ನನಗೆ ಹೇಳಬೇಡ. ಅವನು ಇಲ್ಲ ಅನ್ನೋದು ನಿನಗಿಂತ ನನಗೆ ಚೆನ್ನಾಗಿ ಗೊತ್ತು.”

ಕೊಸಿಮ್ ಟೋಪಿ ಸರಿಮಾಡಿಕೊಂಡ. ಕಾರ್ಸಿಯನ್ನು ಬಿ, ಅವಳ ಗಂಡ ಜುಹ್ರಿಯನ್ನು ಮಾಂಗ್ ಎನ್ನುತ್ತಿದ್ದ, ಚಿಕ್ಕಮ್ಮ ಚಿಕ್ಕಪ್ಪ ಎಂದ ಹಾಗೆ. ಒಳ್ಳೆಯ ವ್ಯಾಪಾರಿ, ಕೆಟ್ಟವನಲ್ಲ. “ಶನಿವಾರ ಗಾಡಿ ತರ್ತೀನಿ ಬಿ. ಸರಿ ಇದ್ರೆ ಎತ್ಕೊಂಡು ಹೋಗ್ತೀನಿ. ಇಲ್ದಿದ್ರೆ ಬೇರೆ ಊರು ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡಿ.”

“ಬೇಜಾರು ಮಾಡ್ಕೊಳ್ಳೋದು ಬಿಡೋದು ನನ್ನಿಷ್ಟ” ಎಂದಳು ಕಾರ್ಸಿ. ಅವನು ಹೋದ.

ಅವರ ಊರು ಚಿಹಾವುರಿನಲ್ಲಿ ಸೌಟು ಎಂದರೆ ಬರೀ ಬಡಿಸುವ ಸಾಮಾನಲ್ಲ. ಕಾಯಿಹಾಲು ಕುದಿಯಲು ಶುರುವಾದರೆ ಅದನ್ನು ಸೌಟಿನಲ್ಲಿ ಎತ್ತಿ ಸುರಿಯಬೇಕು, ಎತ್ತಿ ಸುರಿಯಬೇಕು. ನಿಲ್ಲಿಸಿದರೆ ಹಾಲು ಒಡೆಯುತ್ತದೆ. ಒಡೆದ ಹಾಲಿನ ಸಾರು ಬಡಿಸಿದವಳ ಹೆಸರು ವರ್ಷಗಟ್ಟಲೆ ಊರ ಬಾಯಲ್ಲಿ ಇರುತ್ತದೆ. ಅಂಥ ಕಡೆ ಸೋರುವ ಸೌಟನ್ನು ಯಾರು ಕೊಳ್ಳುತ್ತಾರೆ?

ಕಾರ್ಸಿ ಚೀಲವನ್ನು ದರದರ ಎಳೆದುಕೊಂಡು ಹಿತ್ತಲಿನ ಕೊಟ್ಟಿಗೆಗೆ ಹೋದಳು. ಕೊಟ್ಟಿಗೆ ಎಂದರೆ ಜುಹ್ರಿಯ ಕೆಲಸದ ಜಾಗ. ನಾಲ್ಕು ಕಂಬ, ಹೆಂಚಿನ ಮಾಡು, ನೆಲದ ತುಂಬ ಹಲಸಿನ ಹಳದಿ ಹೊಟ್ಟು. ಅಲ್ಲಿ ಓಮೋ ಕೂತಿದ್ದ. ಜುಹ್ರಿಯ ತಮ್ಮ. ಐವತ್ತು ದಾಟಿದವನು, ಮದುವೆಯಾಗದವನು, ಊಟಕ್ಕೆ ಅಣ್ಣನ ಮನೆಗೇ ಬರುವವನು. ಕಾಲ್ಬೆರಳುಗಳ ನಡುವೆ ಮರದ ತುಂಡು ಹಿಡಿದು ಬಾಚಿಯಲ್ಲಿ ತಟ್ಟುತ್ತಿದ್ದ.

“ತಗೋ, ನಿನ್ನ ಸಂತಾನ ವಾಪಸ್ ಬಂದಿದೆ” ಎಂದಳು.

ಓಮೋ ಚೀಲ ನೋಡಿದ. “ಕೊಸಿಮ್ ಹೇಳ್ದ ದಾರೀಲಿ.”

“ಹೇಳಿದ ಮೇಲೂ ಅದನ್ನೇ ಕೆತ್ತುತಾ ಕೂತಿದೀಯಲ್ಲೋ!”

“ಇನ್ನೇನು ಕೆತ್ತಲಿ ಚೆವು?” ಅತ್ತಿಗೆಯನ್ನು ಅವನು ಅಕ್ಕ ಎಂದ ಹಾಗೆ ಚೆವು ಎನ್ನುತ್ತಿದ್ದ, ಬೈಸಿಕೊಳ್ಳುವಾಗಲೂ. “ಹೊಟ್ಟೆ ತೋಡೋದು, ತುಟಿ ತೆಗೆಯೋದು ಅಣ್ಣ. ಹಿಡಿ ಮಾಡೋದು, ಉಜ್ಜೋದು ನಾನು. ಇಷ್ಟು ವರ್ಷ ಹಾಗೇ ನಡೀತು. ಈಗ ಎರಡೂ ನಾನೇ ಮಾಡು ಅಂದ್ರೆ? ಮಾದರಿ ಕೊಡು, ಮಾಡ್ತೀನಿ.”

“ಮಾದರಿ ಕಳೆದುಹೋಗಿದೆ ಅಂತ ಹೇಳ್ದೆನಲ್ಲ.”

“ಹಾಗಾದ್ರೆ ನೆನಪಲ್ಲಿ ಮಾಡ್ದೆ. ನೆನಪು ಸೋರಿತು. ಬಿಡು ಚೆವು. ಗಲುಂಗ್ಗುಂಗ್ ಬೆಟ್ಟದ ಕೆಳಗೆ ಮರಳು ಲಾರಿಗೆ ಜನ ಬೇಕಂತೆ, ಬಾ ಅಂತಿದಾರೆ. ಕೊಟ್ಟಿಗೆನ ಆ ಕೋಳಿ ಕಂಪನಿಯವನಿಗೆ ಕೊಟ್ಟುಬಿಡೋಣ. ಭಾನುವಾರ ಅಳತೆಗೆ ಬರ್ತಾನಂತೆ.”

“ಕೋಳಿ!” ಎಂದಳು ಕಾರ್ಸಿ. “ಅವನು ಸತ್ತ ಜಾಗದಲ್ಲಿ ಕೋಳಿ ಹಿಕ್ಕೆ!”

ಅವರಿಬ್ಬರ ಮುಂದೆಯೇ ಆ ದೊಡ್ಡ ಹಲಸಿನ ತುಂಡು ಬಿದ್ದಿತ್ತು. ಜುಹ್ರಿ ಸತ್ತದ್ದು ಮಧ್ಯಾಹ್ನ. ಉಂಡು ಬಂದು ಅದಕ್ಕೆ ಒರಗಿ ಕೂತವನು ಏಳಲಿಲ್ಲ. ನಿದ್ದೆ ಎಂದುಕೊಂಡು ಕಾರ್ಸಿ ಎರಡು ಸಲ ಬೈದಿದ್ದಳು. ಮೂರನೆಯ ಸಲ ಬೈಯಲು ಹತ್ತಿರ ಹೋದಾಗ ಬಾಯಿ ಕಟ್ಟಿತು. ಅವಳಿಗೆ ಇನ್ನೂ ಸಿಟ್ಟು ಇಳಿದಿಲ್ಲ. ಹೋಗುತ್ತೇನೆ ಎಂದು ಒಂದು ಮಾತು ಹೇಳುವ ಮನುಷ್ಯನಲ್ಲ. ಇದ್ದಾಗಲೂ ಅಷ್ಟೇ, ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವಂತೆ ಇದ್ದ.

ಮಾದರಿ ಎಂದರೆ ಕಾರ್ಸಿಯ ಸ್ವಂತ ಸೌಟು. ಮದುವೆಯಾದ ವರ್ಷ ಜುಹ್ರಿ ಕೆತ್ತಿಕೊಟ್ಟದ್ದು. ಒಲೆಯ ಮೇಲಿನ ಗೋಡೆಯಲ್ಲಿ ಮೊಳೆಗೆ ನೇತಾಡುತ್ತಿತ್ತು. ಹೊಸ ಮರ ಕಡಿದು ತಂದಾಗಲೆಲ್ಲ ಜುಹ್ರಿ ಕಾಲಿನ ಹೊಟ್ಟು ಸಹ ಕೊಡವದೆ ಅಡುಗೆಮನೆಗೆ ಬರುತ್ತಿದ್ದ. ಸೌಟು ಇಳಿಸುತ್ತಿದ್ದ. ತಿರುಗಿಸಿ ನೋಡುತ್ತಿದ್ದ. ತುಟಿಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. “ಏನು ಬೇಕು?” ಎಂದರೆ “ಏನಿಲ್ಲ” ಎನ್ನುತ್ತಿದ್ದ. ಮತ್ತೆ ನೇತುಹಾಕಿ ಹೊರಗೆ ಹೋಗಿ ಬಾಚಿ ಹಿಡಿಯುತ್ತಿದ್ದ. ಊರಿನಲ್ಲಿ, ಪೇಟೆಯಲ್ಲಿ ಇರುವ ಸೌಟುಗಳಿಗೆಲ್ಲ ತಾಯಿ ತನ್ನ ಸೌಟೇ ಎಂದು ಕಾರ್ಸಿ ತಿಳಿದಿದ್ದಳು. ಓಮೋ ಕೂಡ ಹಾಗೇ ತಿಳಿದಿದ್ದ.

ಅದು ಹೋದದ್ದು ಅವನು ಸತ್ತ ನೂರನೆಯ ದಿನದ ಪ್ರಾರ್ಥನೆಯಂದು. ಊರಿನ ಹೆಂಗಸರೆಲ್ಲ ಅಡುಗೆಗೆ ಬಂದಿದ್ದರು. ಯಾರ ಮನೆಯಲ್ಲಿ ಅಡುಗೆಯಾದರೂ ಪ್ರತಿಯೊಬ್ಬಳೂ ತನ್ನ ಸೌಟು, ತನ್ನ ಮಣೆ, ತನ್ನ ಕತ್ತಿ ತರುವುದು ಅಲ್ಲಿಯ ಪದ್ಧತಿ. ಸತ್ತವನ ಹೆಂಡತಿ ಒಲೆ ಮುಟ್ಟಬಾರದೆಂದು ಕಾರ್ಸಿಯನ್ನು ಒಳಗೆ ಚಾಪೆಯ ಮೇಲೆ ಕೂರಿಸಿದ್ದರು. ಸಂಜೆ ಎಲ್ಲರೂ ಹೋದ ಮೇಲೆ ನೋಡಿದರೆ ಪಾತ್ರೆ ತೊಳೆದಿದೆ, ನೆಲ ಗುಡಿಸಿದೆ, ಮೊಳೆ ಬರಿದಾಗಿದೆ. ಯಾರ ಬುಟ್ಟಿಗೆ ಸೇರಿಹೋಯಿತೋ! ಆಗ ಕೇಳಲು ಮನಸ್ಸಾಗಲಿಲ್ಲ. ಈಗ ಶನಿವಾರಕ್ಕೆ ಮೊದಲು ಕೇಳದೆ ವಿಧಿಯಿರಲಿಲ್ಲ.

ಮೊದಲು ಎಂತಿನ್ ಮನೆ. ಏರಿನ ಮೇಲೆ. ಊರಿನ ಮದುವೆ, ಮುಂಜಿ, ಸಾವಿನ ಊಟ ಯಾವುದಕ್ಕೂ ಒಲೆಯ ಯಜಮಾನಿಕೆ ಎಂತಿನ್‌ದೇ. ಅವಳ ಬಾಯಿಗೆ ಹೆದರಿ ಅನ್ನವೂ ಬೇಗ ಬೇಯುತ್ತದೆ ಎನ್ನುತ್ತಿದ್ದರು. ಕಾರ್ಸಿಗೂ ಅವಳಿಗೂ ಎಂದೂ ಸರಿಬಂದಿರಲಿಲ್ಲ.

“ಯಾರಿದು? ದಾರಿ ತಪ್ಪಿ ಬಂದ್ಯಾ?” ಎಂದಳು ಎಂತಿನ್, ಮೆಣಸಿನಕಾಯಿ ತೊಟ್ಟು ಮುರಿಯುತ್ತಾ.

“ನನ್ನ ಸೌಟು ಹುಡುಕ್ತಾ ಬಂದೆ, ಚೆವು ಎಂತಿನ್. ನಿಮ್ಮ ಬುಟ್ಟಿಗೆ ಬಂದಿರಬಹುದು.”

“ಹೌದೌದು. ನಿನ್ನ ಸೌಟು ಕದ್ದು ನಾನು ಅರಮನೆ ಕಟ್ಟಿಸ್ತಿದೀನಿ. ನೋಡು, ಗೋಡೆ ಇನ್ನೂ ಹಸಿ ಇದೆ.” ಒಳಗೆ ಹೋಗಿ ಮೂರು ಸೌಟು ತಂದು ಚಾಪೆಯ ಮೇಲೆ ಎಸೆದಳು. “ಆರಿಸ್ಕೋ.”

ಮೂರೂ ಜುಹ್ರಿಯವೇ. ಮೂರೂ ಹಲಸು. ಮೂರೂ ಹೊಗೆ ಕುಡಿದು ಕಂದಾಗಿದ್ದವು. ಕಾರ್ಸಿ ಒಂದೊಂದನ್ನೂ ಎತ್ತಿ ಇಟ್ಟಳು.

“ಗಂಡನ ಕೈಗುರುತು ಸಿಗಲ್ವೇನೆ?”

“ಊರಿನ ಎಲ್ಲಾ ಸೌಟಿಗೂ ಅವನದ್ದೇ ಕೈ. ಹೇಗೆ ಸಿಗಬೇಕು? ನಂದಕ್ಕೆ ಹಿಡಿ ಹತ್ರ ಹೆಬ್ಬೆರಳು ಸವೆಸಿದ ಗುಳಿ ಇದೆ. ಇವಕ್ಕಿಲ್ಲ.”

“ಇಲ್ಲಾಂದ್ರೆ ಇಲ್ಲ. ಬಂದಿದೀಯ, ಇದನ್ನ ತಗೊಂಡು ಹೋಗು.” ಎಂತಿನ್ ಒಂದನ್ನು ಕಾರ್ಸಿಯ ಕೈಗೆ ತುರುಕಿದಳು. “ಹಿಡಿ ಬಿರುಕು ಬಿಟ್ಟಿದೆ. ಓಮೋಗೆ ಹೇಳು.”

“ನಾನು ಹುಡುಕೋಕೆ ಬಂದಿರೋದು, ಹೊರೋಕಲ್ಲ!”

“ಎರಡನ್ನೂ ಮಾಡು, ಕೈ ಎರಡಿದೆ. ಅದಿರಲಿ, ಆ ಹಳೇ ಸೌಟೇ ಯಾಕೆ ಬೇಕು?”

“ಅದೇ ಮಾದರಿ. ಅದನ್ನ ನೋಡೇ ಅವನು ಎಲ್ಲಾನೂ ಮಾಡ್ತಿದ್ದಿದ್ದು.”

ಎಂತಿನ್ ಬಾಯಿ ತೆರೆದಳು. ಕಾರ್ಸಿಯ ಮುಖ ನೋಡಿದಳು. ಬಾಯಿ ಮುಚ್ಚಿದಳು. ಮೆಣಸಿನಕಾಯಿ ತೊಟ್ಟು ಮುರಿಯಲು ಕೂತಳು. ಎಂತಿನ್ ಮಾತು ನುಂಗಿದ್ದನ್ನು ಚಿಹಾವುರಿನಲ್ಲಿ ಯಾರೂ ಕಂಡದ್ದಲ್ಲ. ಕಾರ್ಸಿ ಸಿಟ್ಟಿನಲ್ಲಿದ್ದಳು, ಅದನ್ನು ಗಮನಿಸಲಿಲ್ಲ.

ಇಳಿದು ಬರುವಾಗ ದಾರಿಯಲ್ಲಿ ಇನ್ನಿಬ್ಬರು ತಡೆದರು. ಕೈಯಲ್ಲಿ ಬಿರುಕು ಸೌಟು ಕಂಡದ್ದೇ ತಡ, “ಓಹೋ, ರಿಪೇರಿಗಾ? ನಿಲ್ಲಿ ಬಿ, ನಂದೂ ಇದೆ” ಎಂದು ಒಳಗೆ ಓಡಿದರು. ಒಬ್ಬಳದ್ದು ಅನ್ನದ ಹುಟ್ಟು, ತುದಿ ಸುಟ್ಟಿತ್ತು. ಇನ್ನೊಬ್ಬಳದ್ದು ಸೌಟು, ಮೊಮ್ಮಗ ಗೋಲಿ ಹೊಡೆಯಲು ಬಳಸಿ ಹಿಡಿ ಮುರಿದಿದ್ದ. ಬೇಡವೆಂದರೂ ಬಿಡಲಿಲ್ಲ. ಬಾಳೆನಾರಿನಲ್ಲಿ ಕಟ್ಟಿ ಬೆನ್ನಿಗೆ ಹೇರಿದರು. ಬೆಣ್ಣೆಗೆ ಹೋದವಳಿಗೆ ಸುಣ್ಣದ ಹೊರೆ ಸಿಕ್ಕಂತಾಯಿತು.

ಮಸೀದಿಯ ಹಿಂದಿನ ಹಸಿರು ಮನೆ ಬು ಹಾಜಿಯದ್ದು. ಹಜ್ ಮುಗಿಸಿ ಬಂದ ಮೇಲೆ ಅವಳ ಹುಟ್ಟುಹೆಸರು ಊರಿಗೆ ಮರೆತುಹೋಗಿತ್ತು. ಅವಳ ಅಡುಗೆಮನೆಯ ತುಂಬ ಸ್ಟೀಲು. ಜುಹ್ರಿಯ ಸೌಟು ಮಾತ್ರ ಒಲೆಯ ಪಕ್ಕ ಇತ್ತು. ಅದರ ಹಿಡಿ ಬೇರೆಯವಕ್ಕಿಂತ ಒಂದು ಗೇಣು ಉದ್ದ.

“ಇದು ನಿನ್ನದಲ್ಲಮ್ಮ, ನೋಡಿದ್ರೆ ಗೊತ್ತಾಗುತ್ತೆ” ಎಂದಳು ಬು ಹಾಜಿ. “ನನಗೆ ಬೆಂಕಿ ಅಂದ್ರೆ ಭಯ. ನಿನ್ನ ಗಂಡ ಅದನ್ನ ನೋಡಿ ಉದ್ದ ಮಾಡಿಕೊಟ್ಟ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಲ್ಲೇ ಬಾಗಿಲಲ್ಲಿ ಕೂತು ನೋಡಿದ.”

“ಏನು ನೋಡಿದ?”

“ನಾನು ಸುರಿಯೋದನ್ನ. ಲೋಟ ಲೋಟ ಕಾಫಿ ಕುಡಿದು, ಹುರಿದ ಬಾಳೆಹಣ್ಣು ಅರ್ಧ ತಟ್ಟೆ ತಿಂದ. ಮಾತಿನ ಮಲ್ಲ ಕಣಮ್ಮ ನಿನ್ನ ಗಂಡ. ಅವನು ಬಂದ್ರೆ ನಮ್ಮ ಯಜಮಾನರು ಹಾಜಿಯವರಿಗೂ ಹೊತ್ತು ಹೋಗೋದು.”

ಕಾರ್ಸಿಗೆ ಮೈ ಉರಿದುಹೋಯಿತು. “ಯಾರು? ಜುಹ್ರಿನಾ?”

“ಮತ್ತಿನ್ಯಾರು? ನಮ್ಮ ಬೆಕ್ಕು ನಡೆಯೋದನ್ನ ನಟಿಸಿ ತೋರಿಸ್ತಿದ್ದ. ಮನೇಲೂ ತೋರಿಸಿರಬೇಕಲ್ಲ?”

“ತೋರಿಸ್ತಿದ್ದ, ತೋರಿಸ್ತಿದ್ದ” ಎಂದಳು ಕಾರ್ಸಿ ಹಲ್ಲು ಕಚ್ಚಿ. ತನ್ನ ಮನೆಯಲ್ಲಿ ‘ಉಪ್ಪು’, ‘ಸಾಕು’, ‘ಏನಿಲ್ಲ’ ಬಿಟ್ಟರೆ ನಾಲ್ಕನೆಯ ಮಾತು ಆಡದವನು ಇಲ್ಲಿ ಬೆಕ್ಕು ಆಗುತ್ತಿದ್ದನಂತೆ. ಕಾಫಿ ಕುಡಿಯುತ್ತಿದ್ದನಂತೆ. ಹೊಟ್ಟೆಗೆ ಆಗುವುದಿಲ್ಲವೆಂದು ಅವಳು ಮನೆಯಲ್ಲಿ ಕಾಫಿ ಪುಡಿ ಮುಚ್ಚಿಡುತ್ತಿದ್ದಳು. ಸತ್ತವನ ಜೊತೆ ಜಗಳವಾಡುವುದಾದರೂ ಹೇಗೆ?

ಬು ಹಾಜಿಯೂ ಆ ಉದ್ದ ಹಿಡಿಯ ಸೌಟನ್ನು ಕೊಟ್ಟಳು. ಉಜ್ಜಿಸಿ ಕೊಡಬೇಕಂತೆ, ನಿಧಾನವಾಗಿ ಆದರೂ ಸರಿಯಂತೆ, ಹಬ್ಬದೊಳಗೆ ಬೇಕಂತೆ.

ಕೊನೆಯದು ನಿನಿ ಸಾರ್ನಿಯ ಗುಡಿಸಲು. ಎಲ್ಲರಿಗೂ ಅಜ್ಜಿಯಾದ್ದರಿಂದ ನಿನಿ. ಅರ್ಧ ಕುರುಡು, ಕೈ ನಡುಕ. ಆದರೂ ಬೆಳಿಗ್ಗೆ ಅಕ್ಕಿಹಿಟ್ಟಿನ ಗಂಜಿ ಕಾಸಿ ಬೆಲ್ಲದ ಪಾಕ ಹಾಕಿ ಮಾರುತ್ತಾಳೆ. ಒಂದು ತೊಟ್ಟು ಚೆಲ್ಲುವುದಿಲ್ಲ.

“ಯಾರು, ಕಾರ್ಸಿನಾ? ಗಂಜಿ ಮುಗೀತು ಕಣೇ.”

“ಗಂಜಿ ಬೇಡ ನಿನಿ. ನೂರನೇ ದಿನ ನಮ್ಮನೆಯಿಂದ ಬರುವಾಗ ಒಂದು ಸೌಟು ಹೆಚ್ಚಿಗೆ ಬಂತಾ?”

“ಬಂತು. ಯಾರದ್ದೋ ಹಾಳು ಸೌಟು. ನನ್ನ ಸೌಟು ಅಂದ್ಕೊಂಡು ಬುಟ್ಟಿಗೆ ಹಾಕ್ಕೊಂಡೆ. ಮನೆಗೆ ಬಂದು ಗಂಜಿ ಸುರಿದ್ರೆ ಕಾಲೆಲ್ಲ ಗಂಜಿ. ಥೂ ಅಂತ ಅಲ್ಲಿ ಎಸೆದಿದೀನಿ, ಬೂದಿ ತೆಗೆಯೋಕೆ.”

ಒಲೆಯ ಮೂಲೆಯಲ್ಲಿ ಬೂದಿಯಲ್ಲಿ ಅರ್ಧ ಹೂತು ಅದು ಬಿದ್ದಿತ್ತು. ಕಾರ್ಸಿ ಎತ್ತಿ ಸೆರಗಿನಲ್ಲಿ ಒರೆಸಿದಳು. ಹೆಬ್ಬೆರಳು ಗುಳಿಯಲ್ಲಿ ಹೋಗಿ ಕೂತಿತು. ಅಳುವುದಕ್ಕಿಂತ ಮೊದಲು ಸಿಟ್ಟು ಬಂತು.

“ಬೂದಿ ತೆಗೆಯೋಕಾ! ನಿನಿ, ಇದು ಅವನು ನನಗೆ ಮದುವೇಲಿ ಮಾಡಿಕೊಟ್ಟಿದ್ದು!”

“ಹೌದಾ? ಪಾಪ, ಆಗಿನ್ನೂ ಕಲೀತಿದ್ದ ಅನ್ಸುತ್ತೆ” ಎಂದಳು ನಿನಿ. “ನಂದೂ ಒಂದು ತಗೊಂಡು ಹೋಗೇ, ಅಂಚು ಚಕ್ಕೆ ಎದ್ದಿದೆ.”

ಕಾರ್ಸಿ ಮನೆ ಮುಟ್ಟಿದಾಗ ಬೆನ್ನ ಮೇಲೆ ಊರಿನ ಮುರುಕು ಸೌಟುಗಳ ಹೊರೆ, ಕೈಯಲ್ಲಿ ತನ್ನದೊಂದು. ಹೊರೆಯನ್ನು ಕೊಟ್ಟಿಗೆಯ ಮೂಲೆಗೆ ಒಗೆದಳು. ತನ್ನದನ್ನು ಓಮೋನ ಮುಂದೆ ಹಿಡಿದಳು.

“ತಗೋ ಮಾದರಿ. ಇನ್ನು ನೆಪ ಹೇಳಿದ್ರೆ ನೋಡು.”

ಓಮೋ ತೊಳೆದು ಒರೆಸಿ ನೋಡಿದ. ಮರಳಿ ಬಂದ ಚೀಲದಿಂದ ಒಂದು ಸೌಟು ತೆಗೆದು ಪಕ್ಕದಲ್ಲಿ ಇಟ್ಟ. ಹೊಟ್ಟೆಗೆ ಹೊಟ್ಟೆ, ತುಟಿಗೆ ತುಟಿ ಹೊಂದಿಸಿದ. ದಾರ ಹಿಡಿದು ಅಳೆದ. ಅವನ ಮುಖ ಅರಳಿತು.

“ಚೆವು! ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ನಾನು ಮಾಡಿದ್ದು ಸರಿಯಾಗೇ ಇದೆ!”

“ಸರಿ ಇದ್ರೆ ಸೋರೋದು ಯಾಕೆ?”

“ಕೊಸಿಮ್‌ಗೆ ಸುರಿಯೋಕೆ ಬರಲ್ಲ ಅಷ್ಟೇ.”

“ನೀನು ಸುರಿ.”

ಓಮೋ ಗುಡಾಣದಿಂದ ನೀರು ಎತ್ತಿ ಸುರಿದ. ಅವನ ಸೌಟು ಸೋರಿತು. ಕಾರ್ಸಿಯ ಸೌಟಿನಲ್ಲಿ ಸುರಿದ. ಅದೂ ಸೋರಿತು.

“ನಿನಗೂ ಬರಲ್ಲ, ಕೊಡು ಇಲ್ಲಿ” ಎಂದು ಕಿತ್ತುಕೊಂಡು ಕಾರ್ಸಿ ಸುರಿದಳು. ಒಂದು ಹನಿ ಹಿಂದೆ ಬರಲಿಲ್ಲ. ಓಮೋನದ್ದರಲ್ಲಿ ಸುರಿದಳು. ಅದೂ ಸೋರಲಿಲ್ಲ. “ನೋಡಿದ್ಯಾ? ಸೌಟಿಗೆ ಏನೂ ಆಗಿಲ್ಲ. ಕೈ ನೆಟ್ಟಗಿರಬೇಕು.”

“ಹಾಗಾದ್ರೆ ಸೌಟಿನ ಜೊತೆ ನಿನ್ನ ಕೈನೂ ಮಾರು ಚೆವು” ಎಂದ ಓಮೋ. ಬಾಚಿ ಬದಿಗಿಟ್ಟು ಎದ್ದು ಹೋದ.

ಮರುದಿನ ಬೆಳಿಗ್ಗೆ ಎಂತಿನ್ ಬಂದಳು. ಬಿರುಕು ಬಿಟ್ಟ ಸೌಟು ಆಯಿತೇ ಎಂದು ಕೇಳಲು ಎಂದಳು. ಒಂದೇ ರಾತ್ರಿಯಲ್ಲಿ ಯಾವ ಸೌಟೂ ಆಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಕೊಟ್ಟಿಗೆಯಲ್ಲಿ ಓಮೋ, ಕಾರ್ಸಿ ಮುಖ ತಿರುಗಿಸಿಕೊಂಡು ಕೂತಿದ್ದರು. ನಡುವೆ ಗುಡಾಣ, ಎರಡು ಸೌಟು.

“ಸಿಕ್ತಾ?”

“ಸಿಕ್ತು. ಸಿಕ್ಕೂ ಪ್ರಯೋಜನ ಇಲ್ಲ. ನನ್ನ ಕೈಲಿ ಸೋರಲ್ಲ, ಅವನ ಕೈಲಿ ಸೋರುತ್ತೆ.”

ಎಂತಿನ್ ನಿಟ್ಟುಸಿರು ಬಿಟ್ಟು ಮರದ ತುಂಡಿನ ಮೇಲೆ ಕೂತಳು. “ನಿನ್ನೆ ಹೇಳಬೇಕು ಅಂದ್ಕೊಂಡೆ. ಗಂಡ ಸತ್ತವಳ ಮುಂದೆ ಯಾಕೆ ಅಂತ ಬಾಯಿ ಮುಚ್ಚಿದೆ. ರಾತ್ರಿಯೆಲ್ಲ ಹೊಟ್ಟೆ ಉಬ್ಬರ. ಕಾರ್ಸಿ, ನಿನ್ನ ಸೌಟು ಸೋರುತ್ತೆ. ಊರಿಗೆಲ್ಲ ಗೊತ್ತು. ಯಾವ ಮನೆ ಅಡುಗೆಗೆ ತಂದ್ರೂ ಅದನ್ನ ನಾವು ಯಾರೂ ಮುಟ್ಟಲ್ಲ.”

“ಸುಳ್ಳು! ಮದುವೆಯಾದಾಗಿಂದ ಸುರಿದಿದೀನಿ. ಒಂದು ತೊಟ್ಟು ಬಿದ್ದಿಲ್ಲ.”

“ಸುರಿ ಮತ್ತೆ. ಓಮೋ, ನೀನು ಸೌಟು ನೋಡಬೇಡ, ಅವಳ ಮಣಿಕಟ್ಟು ನೋಡು.”

ಕಾರ್ಸಿ ಸುರಿದಳು. ನೀರು ಮುಗಿಯುವ ಗಳಿಗೆಯಲ್ಲಿ ಅವಳ ಮಣಿಕಟ್ಟು ಹಾವಿನ ಹೆಡೆಯ ಹಾಗೆ ಚಕ್ಕನೆ ಮೇಲೆ ತಿರುಗಿತು. ಕೊನೆಯ ಹನಿ ಒಳಗೇ ಉಳಿಯಿತು.

“ಇನ್ನೊಂದು ಸಲ” ಎಂದ ಓಮೋ. ಮತ್ತೆ ಅದೇ. ತಿರುಗಿಸದೆ ಸುರಿ ಎಂದರು. ಅವಳು ಹಲ್ಲು ಕಚ್ಚಿ ಸುರಿದಳು. ಕೈ ತಾನೇ ತಿರುಗಿತು. ಎಡಗೈಯಲ್ಲಿ ಮಣಿಕಟ್ಟು ಹಿಡಿದುಕೊಂಡು ಸುರಿದಳು. ಆಗ ಸೋರಿತು, ಧಾರಾಳವಾಗಿ, ಅವಳ ಪಾದದ ಮೇಲೆ.

ಕಾರ್ಸಿ ಸೌಟನ್ನು ಗುಡಾಣದ ಬಾಯಿಯ ಮೇಲೆ ಇಟ್ಟಳು.

“ಹಾಗಾದ್ರೆ ಅವನು ಅದನ್ನ ಇಳಿಸಿ ಇಳಿಸಿ ನೋಡ್ತಿದ್ದಿದ್ದು ಯಾಕೆ?” ಎಂದಳು ಕಾರ್ಸಿ.

“ತುಟಿ ಕೊರೆದು ಸರಿಮಾಡೋಕೆ. ನಮ್ಮನೇಲಿ ಕೂತು ಹೇಳ್ತಿದ್ದ. ‘ಹೊಸ ಮರಕ್ಕೆ ಉಳಿ ಮಸೆದಾಗೆಲ್ಲ ಇವತ್ತು ಮುಗಿಸಿಬಿಡ್ತೀನಿ ಅಂತ ಒಳಗೆ ಹೋಗ್ತೀನಿ, ಅವಳು ಏನು ಬೇಕು ಅಂತಾಳೆ, ನನ್ನ ಜೀವ ಬಾಯಿಗೆ ಬರುತ್ತೆ’ ಅಂತ.”

“ಹೇಳಿದ್ರೆ ನಾನೇನು ನುಂಗ್ತಿದ್ನಾ?”

ಎಂತಿನ್, ಓಮೋ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹೊಸದೊಂದು ಮಾಡಿಕೊಟ್ಟಾಗ ನೀನು ಅದನ್ನ ಹಿತ್ತಲಿಗೆ ಎಸ್ದೆಯಂತೆ” ಎಂದಳು ಎಂತಿನ್. “ಮದುವೆ ಸೌಟು ಇರುವಾಗ ಇನ್ನೊಂದು ಯಾಕೆ, ಇನ್ನೊಬ್ಬಳನ್ನ ತರೋ ಯೋಚನೆನಾ ಅಂದ್ಯಂತೆ. ಅವನು ನಗ್ತಾ ನಗ್ತಾ ಹೇಳ್ದ. ಆ ಸೌಟನ್ನ ನನಗೇ ಕೊಟ್ಟ. ನಿನ್ನೆ ನಿನ್ನ ಕೈಗೆ ಕೊಟ್ಟೆನಲ್ಲ, ಅದೇ.”

ಓಮೋ ಅಷ್ಟರಲ್ಲಿ ಮೂಲೆಯ ಹೊರೆ ಬಿಚ್ಚುತ್ತಿದ್ದ. ಎಂತಿನ್‌ಳದ್ದು, ಬು ಹಾಜಿಯದ್ದು, ನಿನಿ ಸಾರ್ನಿಯದ್ದು ಸಾಲಾಗಿ ಇಟ್ಟು ತುಟಿಯ ಕೆಳಗೆ ಉಗುರು ಆಡಿಸಿದ.

“ಚೆವು, ಇಲ್ಲಿ ಕೈ ಹಾಕು. ಕೆಳಗಿಂದ ಕೊರೆದಿದಾನೆ. ಮೇಲಿಂದ ನೋಡಿದ್ರೆ ಗೊತ್ತೇ ಆಗಲ್ಲ. ಅಂಚು ಉಗುರಿನಷ್ಟು ತೆಳ್ಳಗೆ. ಹನಿಗೆ ಹಿಂದೆ ಬರೋಕೆ ದಾರೀನೇ ಇಲ್ಲ.” ನಿನಿಯದ್ದರ ಹೊಟ್ಟೆ ಬೇರೆಯವಕ್ಕಿಂತ ಆಳವಾಗಿತ್ತು, ನಡುಗುವ ಕೈಗೆ. ಕೊರೆತ ಮಾತ್ರ ಎಲ್ಲದರಲ್ಲೂ ಇತ್ತು.

“ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆ, ಇದು ಕಾಣಲಿಲ್ವಾ ನಿನಗೆ?”

“ತುಟಿ ಕೆಲಸ ಅವನು ಬೆಳಗಿನ ನಮಾಜು ಮುಗಿಸಿ ಮಾಡ್ತಿದ್ದ. ನಾನು ಬರೋ ಹೊತ್ತಿಗೆ ಚೀಲ ಕಟ್ಟಿರ್ತಿತ್ತು.”

“ಮನುಷ್ಯರ ಹಾಗೆ ಬೇಗ ಎದ್ದಿದ್ರೆ ಈ ಗತಿ ಬರ್ತಿತ್ತಾ?”

ಓಮೋ ಬಾಗಿದ ಉಳಿಯನ್ನು ಮಸೆಗಲ್ಲಿಗೆ ಹಚ್ಚಿದ. ಮರಳಿ ಬಂದ ಸೌಟುಗಳ ತುಟಿಯನ್ನು ಕೆಳಗಿನಿಂದ ಕೊರೆಯತೊಡಗಿದ. ಮೊದಲಿನವು ತೂತಾದವು. ಆಮೇಲಿನವು ಚಕ್ಕೆ ಎದ್ದವು. ಒಂದು ನೆಟ್ಟಗೆ ಕಂಡಿತು. ಕಾರ್ಸಿ ನೀರು ಸುರಿದು ನೋಡಿ “ಸರಿ ಇದೆ” ಎಂದಳು. ಓಮೋ ಸುರಿದ. ಸೋರಿತು. ಅಷ್ಟು ಹೊತ್ತಿಗೆ ಮೂವರಿಗೂ ತಿಳಿಯಿತು. ಈ ಮನೆಯಲ್ಲಿ ಸೌಟು ಪರೀಕ್ಷೆ ಮಾಡಲು ಬಾರದವಳು ಒಬ್ಬಳಿದ್ದರೆ ಅದು ಕಾರ್ಸಿ. ಅವಳ ಕೈಯಲ್ಲಿ ತೆಂಗಿನ ಚಿಪ್ಪೂ ಸೋರುವುದಿಲ್ಲ. ಓಮೋ ಉಳಿ ಬಿಟ್ಟು ಪ್ರತಿ ಸಲ ಎದ್ದು ಸುರಿಯುತ್ತ ಕೂತರೆ ಶನಿವಾರಕ್ಕೆ ಚೀಲ ತುಂಬುವುದಿಲ್ಲ.

“ನಾನು ಕೂರ್ತೀನಿ” ಎಂದಳು ಎಂತಿನ್. “ಕಾಫಿ ತಾ. ಸಕ್ಕರೆ ಧಾರಾಳವಾಗಿ ಹಾಕು, ನಿನ್ನ ಗಂಡನ ಹತ್ರ ಮುಚ್ಚಿಟ್ಟ ಹಾಗೆ ಮುಚ್ಚಿಡಬೇಡ.”

ಅವತ್ತು ಸಂಜೆಯವರೆಗೆ, ಮತ್ತೆ ಶುಕ್ರವಾರ ಇಡೀ ಎಂತಿನ್ ಕೊಟ್ಟಿಗೆಯಲ್ಲಿ ಕೂತಳು. ಸುರಿದಳು, ಬೈದಳು, ಎಸೆದಳು. “ಇದು ಸೌಟಲ್ಲ, ದೋಣಿ.” “ಇದಕ್ಕೆ ತುಟಿ ಎಲ್ಲಿದೆ, ನಿನ್ನ ಹಾಗೆ ಮುದುಡಿಕೊಂಡಿದೆ.” “ಇದು ಪರವಾಗಿಲ್ಲ, ಬದುಕಲಿ.” ಬಾಯಿ ಬಿಡುವಿಲ್ಲ. ಯಾರ ಮದುವೆಯಲ್ಲಿ ಸಾರು ಒಡೆಯಿತು, ಯಾರ ಸೊಸೆ ಉಪ್ಪು ಮರೆತಳು, ಎಲ್ಲವೂ ಬಂತು. ಜುಹ್ರಿಯ ಮಾತೂ ಬಂತು. ಕಾರ್ಸಿಗೆ ಗೊತ್ತಿಲ್ಲದ ಜುಹ್ರಿ. ಹಾಡು ಹೇಳುವವನು, ಮೀನು ಹಿಡಿಯಲು ಹೋಗಿ ಜಾರಿ ಬಿದ್ದವನು. ಕಾರ್ಸಿ ಒಳಗೂ ಹೊರಗೂ ತಿರುಗಿದಳು. ಕೇಳಿಸದ ಹಾಗೆ ನಟಿಸಿದಳು. ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು. ತಲೆ ಚಿಟ್ಟು ಹಿಡಿಯಿತು.

ಶನಿವಾರ ಕೊಸಿಮ್ ಬಂದ. ನಂಬದೆ ಒಂದೊಂದನ್ನೂ ಅದ್ದಿ ಸುರಿದ. ಪಾದ ಒಣಗಿಯೇ ಇತ್ತು. ಚೀಲ ಎತ್ತಿ ಗಾಡಿಗೆ ಹಾಕಿಕೊಂಡ. “ಮಾಂಗ್ ಜುಹ್ರಿ ಇದ್ದಾಗಿನ ಹಾಗೇ ಇದೆ” ಎಂದ. ಈ ಸಲ ಕಾರ್ಸಿ ಬೈಯಲಿಲ್ಲ. ಗಾಡಿ ಹೊರಟಾಗ ಓಮೋ ಮರಳು ಲಾರಿಯ ಮಾತೆತ್ತಲಿಲ್ಲ. ಹೊಸ ತುಂಡಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ. ಅದೇ ತುಂಡಿಗೆ, ಅಣ್ಣ ಒರಗಿ ಕೂತದ್ದಕ್ಕೆ. ಕಾರ್ಸಿ ನೋಡಿ ಸುಮ್ಮನಾದಳು. ಹಲಸು ಚೆನ್ನಾಗಿ ಒಣಗಿತ್ತು.

ಜಗಳ ಆದದ್ದು ಅದೇ ಸಂಜೆ. ಎಂತಿನ್ ಕಾಫಿ ಕುಡಿದು, “ಬದುಕಿದ್ದಾಗ ಅವನಿಗೆ ಇಂಥ ಕಾಫಿ ಕೊಟ್ಟಿದ್ರೆ ನಮ್ಮನೆ ಹತ್ತಿ ಬರ್ತಿರಲಿಲ್ಲ” ಎಂದಳು. ಕಾರ್ಸಿ ಲೋಟ ಕಿತ್ತುಕೊಂಡಳು. “ನಿಮ್ಮ ಬಾಯಿ ಸೋರೋದನ್ನ ಮೊದಲು ನಿಲ್ಲಿಸಿ” ಎಂದಳು. ಎಂತಿನ್ ಚಪ್ಪಲಿ ಮೆಟ್ಟಿ ಹೋದಳು.

ಭಾನುವಾರ ಕೋಳಿ ಕಂಪನಿಯವನು ಅಳತೆ ಟೇಪು ಹಿಡಿದು ಬಂದ. ಕೊಟ್ಟಿಗೆಯಲ್ಲಿ ಬಾಚಿಯ ಸದ್ದು ಕೇಳಿ ಬಾಗಿಲಲ್ಲಿ ನಿಂತ.

“ಇಬು, ಖಾಲಿ ಮಾಡ್ತೀರಿ ಅಂದ್ರಲ್ಲ?”

“ಯಾರು ಅಂದಿದ್ದು?”

ಅವನು ಓಮೋ ಕಡೆ ನೋಡಿದ. ಓಮೋ ಮರದ ಕಡೆ ನೋಡಿದ.

“ಬೇರೆ ಕಡೆ ಸಾಕಪ್ಪ ನಿನ್ನ ಕೋಳಿ” ಎಂದಳು ಕಾರ್ಸಿ. ಅವನು ಟೇಪು ಸುತ್ತಿಕೊಂಡು ಹೋದ.

ಓಮೋ ಹೊಸ ಮರದ ಮೊದಲ ಸೌಟನ್ನು ಎತ್ತಿ ಹಿಡಿದ. “ಚೆವು, ಈ ತುಟಿ ನೋಡು.”

“ನನಗೆ ತೋರಿಸಬೇಡ. ನನ್ನ ಕೈ ಸುಳ್ಳು ಹೇಳುತ್ತೆ.”

“ಚೆವು ಎಂತಿನ್ ಇವತ್ತು ಬರಲ್ವಾ?”

“ನನ್ನನ್ನ ಯಾಕೆ ಕೇಳ್ತೀಯ?”

“ಹಾಗಾದ್ರೆ ನಿಲ್ಲಿಸ್ಲಾ?”

ಕಾರ್ಸಿ ಅವನನ್ನು ದುರುಗುಟ್ಟಿಕೊಂಡು ನೋಡಿದಳು. ಒಳಗೆ ಹೋಗಿ ಬೆಲ್ಲದ ಅಚ್ಚೊಂದನ್ನು ಬಾಳೆಲೆಯಲ್ಲಿ ಸುತ್ತಿದಳು. ತಲೆಗೆ ಬಟ್ಟೆ ಹೊದ್ದಳು. ಏರು ಹತ್ತುವಾಗ ದಾರಿಯುದ್ದಕ್ಕೂ ಗೊಣಗಿದಳು. ಎಂತಿನ್‌ಗೆ ಬೈದಳು, ಓಮೋಗೆ ಬೈದಳು, ಏರಿಗೆ ಬೈದಳು. ಮನೆಮನೆಯಲ್ಲೂ ಕೂತು ಕಾಫಿ ಕುಡಿದು ಎಲ್ಲರನ್ನೂ ತನಗೆ ಗಂಟು ಹಾಕಿ ಹೋದವನಿಗೆ ಎಲ್ಲರಿಗಿಂತ ಹೆಚ್ಚು ಬೈದಳು.

ಎಂತಿನ್ ಬಾಗಿಲಲ್ಲೇ ಕೂತಿದ್ದಳು. ಚಪ್ಪಲಿ ಕಾಲಲ್ಲೇ ಇತ್ತು.

“ಏನು?” ಎಂದಳು.

“ಸೌಟು ಆಗಿದೆ. ಸುರಿದು ನೋಡೋಕೆ ಬರಬೇಕಂತೆ.”

“ಯಾರಂದ್ರು? ಓಮೋನಾ?”

ಕಾರ್ಸಿ ಬೆಲ್ಲದ ಪೊಟ್ಟಣ ಮುಂದೆ ಚಾಚಿದಳು. “ನಾನಂದೆ.”